ಮೂರು ಊರು, ಮೂರು ಕಲ್ಲು, ಒಂದು ಪ್ರೋಗ್ರಾಂ

ಬಿ.ಎಸ್ಸಿ. ಓದುವ ನಾಲ್ಕು ಜನ ಸೇರಿ ಕಂಪ್ಯುಟೇಷನಲ್ ಫಿಸಿಕ್ಸ್‌ನಲ್ಲಿ ಪ್ರಾಜೆಕ್ಟ್ ಮಾಡಬೇಕು ಅಂದ ಕೂಡಲೇ ಎಲ್ಲರೂ ಮೊದಲು ಹುಡುಕುವುದು ಸಿದ್ಧ ಪ್ರೋಗ್ರಾಂ. ಅದು ಸಿಗುತ್ತದೆ ಕೂಡ. ಯಾರೋ ಬರೆದ ಕೋಡ್ ಓಡುತ್ತದೆ, ಬಣ್ಣಬಣ್ಣದ ಗ್ರಾಫ್ ಬರುತ್ತದೆ, ವರದಿ ಬೈಂಡ್ ಆಗುತ್ತದೆ. ಆಮೇಲೆ ವೈವಾದಲ್ಲಿ ಪರೀಕ್ಷಕರು ಒಂದೇ ಪ್ರಶ್ನೆ ಕೇಳುತ್ತಾರೆ: ‘ಈ ಉತ್ತರ ಸರಿ ಅಂತ ನಿಮಗೆ ಹೇಗೆ ಗೊತ್ತು?’ ಪ್ರಾಜೆಕ್ಟಿನ ಜೀವ ಇರುವುದು ಈ ಪ್ರಶ್ನೆಯಲ್ಲಿ. ಅದಕ್ಕೆ ನಾಲ್ವರೂ ಧೈರ್ಯವಾಗಿ ಉತ್ತರ ಹೇಳುವಂತಾಗಬೇಕಾದರೆ ಕೆಲಸವನ್ನು ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ತೆಲಂಗಾಣದ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಡಿಗ್ರಿ ಕಾಲೇಜುಗಳಲ್ಲಿ ಎಂಪಿಸಿ, ಎಂಪಿಸಿಎಸ್ (ಗಣಿತ, ಭೌತಶಾಸ್ತ್ರದ ಜೊತೆ ರಸಾಯನಶಾಸ್ತ್ರ ಇಲ್ಲವೇ ಕಂಪ್ಯೂಟರ್) ಓದುತ್ತಿರುವ, ಮನೆಯಲ್ಲಿ ಕನ್ನಡ ಮಾತಾಡುವ ಹುಡುಗ ಹುಡುಗಿಯರು ಇದನ್ನು ತಮಗೇ ಬರೆದದ್ದು ಎಂದುಕೊಳ್ಳಲಿ. ಗಡಿಯಾಚೆ ಸೇಡಂ, ಚಿಂಚೋಳಿ, ಬೀದರಿನವರಿಗೂ ಇದು ಹೊಂದುತ್ತದೆ.

ಮೊದಲ ಮಾತು ವಿಷಯದ ಆಯ್ಕೆ. ಲೋಲಕ, ಗಾಳಿಯ ತಡೆಯಿರುವ ಉತ್ಕ್ಷೇಪಕ, ಯಾದೃಚ್ಛಿಕ ನಡಿಗೆ ಇವೆಲ್ಲ ಪುಸ್ತಕದಲ್ಲಿವೆ, ಮಾಡಿದರೆ ತಪ್ಪಿಲ್ಲ. ಆದರೆ ಕೈಯಿಂದ ಮುಟ್ಟಿ, ಥರ್ಮಾಮೀಟರ್ ಇಟ್ಟು ತಾಳೆ ನೋಡಬಹುದಾದ ವಿಷಯ ಊರಲ್ಲೇ ಇರುವಾಗ ಅದನ್ನು ಬಿಡುವುದು ಯಾಕೆ? ಈ ಮೂರು ಊರುಗಳ ಮಟ್ಟಿಗೆ ಅಂಥ ವಿಷಯ ಕಲ್ಲಿನ ಗೋಡೆ. ಹೊರಗಿನ ಬಿಸಿಲು ಗೋಡೆ ದಾಟಿ ಒಳಗೆ ಬರಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಬರುವಷ್ಟರಲ್ಲಿ ಎಷ್ಟು ಕಡಿಮೆಯಾಗಿರುತ್ತದೆ?

1956ರ ನವೆಂಬರ್ 1ಕ್ಕೆ ರಾಜ್ಯಗಳನ್ನು ಹಂಚುವಾಗ ತಾಂಡೂರು ತಾಲ್ಲೂಕು ಗುಲ್ಬರ್ಗ ಜಿಲ್ಲೆಯಿಂದ, ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಪ್ರದೇಶಕ್ಕೆ ಸೇರಿದವು. ಗೆರೆ ಬಿದ್ದದ್ದು ನೆಲದ ಮೇಲೆ, ನೆಲದೊಳಗಿನ ಕಲ್ಲು ಎರಡೂ ಕಡೆ ಒಂದೇ. ತಾಂಡೂರಿನದು ಸುಣ್ಣದ ಕಲ್ಲು. ಶಹಾಬಾದ್ ಕಲ್ಲು, ಫರಸಿ ಎಂದು ನಾವು ಕರೆಯುವ ಅದೇ ಪದರುಪದರಾದ ಕಲ್ಲು. ಜಹೀರಾಬಾದಿನ ದಿಣ್ಣೆ ಬೀದರ್ ಕೋಟೆಯ ಕಡೆಯದೇ ಕೆಂಪು ಜಂಬಿಟ್ಟಿಗೆ, ತೂತುತೂತಾದ ಹಗುರ ಕಲ್ಲು. ನಾರಾಯಣಖೇಡ ಕರಿಮಣ್ಣಿನ ನಾಡು, ಅಲ್ಲಿಯದು ದಖನ್ನಿನ ಕಪ್ಪುಕಲ್ಲು. ಮೂರು ಊರಿಗೆ ಮೂರು ಕಲ್ಲು. ಒಂದೇ ಪ್ರೋಗ್ರಾಂ ಬರೆದು ಮೂರು ಗೋಡೆಗೂ ಹಚ್ಚಿ ನೋಡಬಹುದು. ಇಂಥ ಸೌಕರ್ಯ ದೊಡ್ಡ ನಗರದ ಕಾಲೇಜಿಗೂ ಸುಲಭಕ್ಕೆ ಸಿಗದು.

ವಿಷಯ ಗೊತ್ತಾದ ಮೇಲೆ ಮೊದಲ ಎರಡು ವಾರ ಕಂಪ್ಯೂಟರ್ ಮುಟ್ಟಬೇಡಿ. ನಾಲ್ವರೂ ಕೂತು ಕಾಗದದ ಮೇಲೆ ಲೆಕ್ಕ ಮಾಡಿ.

ಗಟ್ಟಿ ಕಲ್ಲಿನಲ್ಲಿ ಬಿಸಿ ಹರಡುವ ವೇಗವನ್ನು ಹೇಳುವ ಸಂಖ್ಯೆ ಉಷ್ಣ ವಿಸರಣಾಂಕ. ಅದು ಸುಮಾರು ಸೆಕೆಂಡಿಗೆ 1 ಚದರ ಮಿಲಿಮೀಟರ್. ಜಂಬಿಟ್ಟಿಗೆಯಂಥ ರಂಧ್ರಗಳಿರುವ ಕಲ್ಲಿಗೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಹಗಲು ರಾತ್ರಿಯ ಬಿಸಿ 24 ಗಂಟೆಗೊಮ್ಮೆ ಏರಿ ಇಳಿಯುವ ಅಲೆ ಎಂದುಕೊಂಡರೆ, 1822ರಲ್ಲಿ ಫೋರಿಯರ್ ಪ್ರಕಟಿಸಿದ ಉಷ್ಣ ಸಿದ್ಧಾಂತದಿಂದ ಒಂದು ಸರಳ ಉತ್ತರ ಬರುತ್ತದೆ. ವಿಸರಣಾಂಕದ ಎರಡರಷ್ಟನ್ನು ಅಲೆಯ ಕೋನೀಯ ಆವರ್ತನದಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ದಿನಕ್ಕೊಂದು ಸುತ್ತು ಅಂದರೆ ಕೋನೀಯ ಆವರ್ತನ ಸೆಕೆಂಡಿಗೆ 0.0000727 ರೇಡಿಯನ್. ಉತ್ತರ ಸುಮಾರು 16.6 ಸೆಂಟಿಮೀಟರ್. ಕಲ್ಲಿನೊಳಗೆ ಇಷ್ಟು ಆಳ ಇಳಿದಾಗಲೆಲ್ಲ ಏರಿಳಿತ ಹಿಂದಿನದರ 37 ಪ್ರತಿಶತಕ್ಕೆ ಇಳಿಯುತ್ತದೆ ಮತ್ತು 3.8 ಗಂಟೆ ತಡವಾಗುತ್ತದೆ.

ಇದನ್ನು ಹಳೆಯ ಕಲ್ಲಿನ ಮನೆಯ ಗೋಡೆಯಷ್ಟು, ಒಂದೂವರೆ ಅಡಿ, ಅಂದರೆ 45 ಸೆಂಟಿಮೀಟರ್ ಆಳಕ್ಕೆ ಹಚ್ಚಿ. ಹೊರಮೈ ತಾಪ ಸರಾಸರಿಗಿಂತ 8 ಡಿಗ್ರಿ ಮೇಲೆ ಕೆಳಗೆ ಆಡಿದರೆ ಅಷ್ಟು ಆಳದಲ್ಲಿ ಅರ್ಧ ಡಿಗ್ರಿಯಷ್ಟೇ ಆಡುತ್ತದೆ. ಹೊರಗೆ ಮಧ್ಯಾಹ್ನ 3ಕ್ಕೆ ಬಂದ ಬಿಸಿಯ ತುದಿ ಅಲ್ಲಿಗೆ ತಲುಪುವುದು ರಾತ್ರಿ ಒಂದೂವರೆಯ ಹೊತ್ತಿಗೆ. 12 ಸೆಂಟಿಮೀಟರಿನ ಕಾಂಕ್ರೀಟ್ ಸ್ಲ್ಯಾಬಿಗೂ ಅದೇ ವಿಸರಣಾಂಕ ಹಿಡಿದರೆ ಅರ್ಧ ಏರಿಳಿತ ಹಾಗೇ ಉಳಿಯುತ್ತದೆ, ಮೂರು ಗಂಟೆಯೊಳಗೆ ದಾಟುತ್ತದೆ. ಹಳೆಯ ಮನೆಯ ತಂಪಿಗೂ ಹೊಸ ಮನೆಯ ಸಂಜೆಯ ಧಗೆಗೂ ಇರುವ ದೊಡ್ಡ ಕಾರಣವೊಂದು ಕ್ಯಾಲ್ಕ್ಯುಲೇಟರಿನಲ್ಲೇ ಸಿಕ್ಕಿತು.

ಹಾಗಾದರೆ ಪ್ರೋಗ್ರಾಂ ಯಾಕೆ ಬೇಕು? ಈ ಸೂತ್ರ ಹೊಂದುವುದು ಕೊನೆಯೇ ಇಲ್ಲದಷ್ಟು ದಪ್ಪದ ಕಲ್ಲಿಗೆ. ನಿಜವಾದ ಗೋಡೆಗೆ ಒಳಮೈ ಇದೆ, ಅದರಾಚೆ ಕೋಣೆಯ ಗಾಳಿ ಇದೆ. ಎರಡು ಕಲ್ಲಿನ ಸಾಲಿನ ನಡುವೆ ಮಣ್ಣು ತುಂಬಿರಬಹುದು. ಬಿಸಿಲೂ ಅಚ್ಚುಕಟ್ಟಾದ ಅಲೆಯಲ್ಲ. ಮೋಡ ಬರುತ್ತದೆ, ಗಾಳಿ ಬೀಸುತ್ತದೆ. ಸೂತ್ರದ ಕೈ ಅಲ್ಲಿಗೆ ತಲುಪುವುದಿಲ್ಲ. ಪ್ರೋಗ್ರಾಂ ತಲುಪುತ್ತದೆ. ಸೂತ್ರ ಗೊತ್ತಿರುವ ಕಡೆ ಪ್ರೋಗ್ರಾಂ ಸೂತ್ರದ ಉತ್ತರವನ್ನೇ ಕೊಡಬೇಕು. ಕೊಟ್ಟರೆ ಮಾತ್ರ ಸೂತ್ರವಿಲ್ಲದ ಕಡೆ ಅದು ಹೇಳಿದ್ದನ್ನು ನಂಬಬಹುದು. ‘ಹೇಗೆ ಗೊತ್ತು’ ಎಂಬ ಪ್ರಶ್ನೆಗೆ ಇದೇ ಉತ್ತರ.

ಪ್ರೋಗ್ರಾಮಿನ ತಿರುಳು ಒಂದೇ ಸಾಲು. ಗೋಡೆಯನ್ನು 1 ಸೆಂಟಿಮೀಟರಿಗೊಂದು ಬಿಂದುವಿನಂತೆ ಹಂಚಿ. ಪ್ರತಿ ಬಿಂದುವಿಗೂ:

ಹೊಸ ತಾಪ = ಹಳೆಯ ತಾಪ + ರ × (ಎಡದ ತಾಪ + ಬಲದ ತಾಪ − 2 × ಹಳೆಯ ತಾಪ)

ಇಲ್ಲಿ ‘ರ’ ಎಂದರೆ ವಿಸರಣಾಂಕವನ್ನು ಕಾಲದ ಹೆಜ್ಜೆಯಿಂದ ಗುಣಿಸಿ, ಬಿಂದುಗಳ ಅಂತರದ ವರ್ಗದಿಂದ ಭಾಗಿಸಿದ್ದು. ಹೆಜ್ಜೆ 25 ಸೆಕೆಂಡ್ ಆದರೆ ರ = 0.25. ಕೋಡ್ ಬರೆಯುವ ಮೊದಲು ಇದನ್ನು ನೋಟ್‌ಬುಕ್ಕಿನಲ್ಲಿ ಒಮ್ಮೆ ಮಾಡಿ ನೋಡಿ. ಐದು ಬಿಂದು, ತಾಪ 0, 0, 100, 0, 0. ಒಂದು ಹೆಜ್ಜೆಯ ನಂತರ 0, 25, 50, 25, 0. ನಡುವಿನ ಬಿಸಿ ಎರಡೂ ಕಡೆ ಹರಡಿತು, ಒಟ್ಟು ಮೊತ್ತ 100 ಹಾಗೇ ಉಳಿಯಿತು. ಮನಸ್ಸಿಗೆ ಒಪ್ಪುತ್ತದೆ.

ಈಗ ಬೇಗ ಮುಗಿಯಲಿ ಎಂದು ಹೆಜ್ಜೆಯನ್ನು 60 ಸೆಕೆಂಡ್ ಮಾಡಿ. ರ = 0.6. ಅದೇ ಐದು ಬಿಂದು ಈಗ 0, 60, −20, 60, 0. ನೂರು ಡಿಗ್ರಿ ಇದ್ದ ಕಲ್ಲು ಒಂದೇ ನಿಮಿಷದಲ್ಲಿ ಅಕ್ಕಪಕ್ಕದ ಕಲ್ಲಿಗಿಂತಲೂ ತಣ್ಣಗಾಗಿ ಸೊನ್ನೆಯ ಕೆಳಗೆ ಹೋಯಿತು. ಮುಂದಿನ ಹೆಜ್ಜೆಯಲ್ಲಿ 36, −24, 76, −24, 36. (ಅಂಚಿನ ಆಚೆ ಸೊನ್ನೆ ಇದೆ ಎಂದು ಹಿಡಿದಿದ್ದೇನೆ, ಆಚೆ ಹರಿದದ್ದು ಇನ್ನೂ ಏನೂ ಇಲ್ಲ.) ಹೀಗೇ ಬಿಟ್ಟರೆ ಸಂಖ್ಯೆಗಳು ಮೇಲೆ ಕೆಳಗೆ ಜಿಗಿಯುತ್ತಾ ಬೆಳೆದು ಗ್ರಾಫ್ ಸಿಡಿಯುತ್ತದೆ. ಗಮನಿಸಿ: ಒಟ್ಟು ಮೊತ್ತ ಈಗಲೂ 100. ಶಕ್ತಿ ಸಂರಕ್ಷಣೆ ಸರಿ ಇದೆ, ಉತ್ತರ ಪೂರಾ ತಪ್ಪು. ಒಂದೇ ತಾಳೆ ಮಾಡಿ ಸುಮ್ಮನಾಗಬಾರದು ಅನ್ನುವುದು ಇದಕ್ಕೇ. ಈ ವಿಧಾನದಲ್ಲಿ ರ ಅರ್ಧ ದಾಟಬಾರದು. 1 ಸೆಂಟಿಮೀಟರ್ ಅಂತರಕ್ಕೆ ಹೆಜ್ಜೆ 50 ಸೆಕೆಂಡ್ ದಾಟಬಾರದು. ಅಂತರವನ್ನು ಅರ್ಧ ಮಾಡಿದರೆ ಹೆಜ್ಜೆ ಕಾಲುಭಾಗ ಆಗಬೇಕು. ಈ ಮಿತಿಯಿಂದ ತಪ್ಪಿಸಿಕೊಳ್ಳುವ ದಾರಿಯನ್ನು 1947ರಲ್ಲಿ ಜಾನ್ ಕ್ರ್ಯಾಂಕ್ ಮತ್ತು ಫಿಲ್ಲಿಸ್ ನಿಕಲ್ಸನ್ ತೋರಿಸಿದರು. ಸಮಯ ಉಳಿದರೆ ಅವರ ವಿಧಾನವನ್ನೂ ಬರೆದು ಹೋಲಿಸಿ. ಉಳಿಯದಿದ್ದರೆ ಚಿಂತೆ ಬೇಡ.

ಕಂಪ್ಯೂಟರ್ ಹಳೆಯದು ಎಂಬ ಅಳುಕೂ ಬೇಡ. 45 ಸೆಂಟಿಮೀಟರ್ ಗೋಡೆ, 25 ಸೆಕೆಂಡ್ ಹೆಜ್ಜೆ ಅಂದರೆ ದಿನಕ್ಕೆ 3,456 ಹೆಜ್ಜೆ. ಹತ್ತು ದಿನ ಓಡಿಸಿದರೆ ಹದಿನೈದು ಲಕ್ಷ ಸಲ ಆ ಒಂದು ಸಾಲು. ಕಾಲೇಜು ಲ್ಯಾಬಿನ ಯಾವ ಡೆಸ್ಕ್‌ಟಾಪಿಗೂ ಅದು ದೊಡ್ಡ ಕೆಲಸವಲ್ಲ. ಲ್ಯಾಪ್‌ಟಾಪ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ ಹಾಕಿಕೊಂಡರೆ ನೆಟ್ ಇಲ್ಲದೆಯೂ ಪೈಥಾನ್ ಓಡುತ್ತದೆ. ಪೈಥಾನ್ ಬಾರದವರು ಸೈಲ್ಯಾಬ್‌ನಲ್ಲೂ ಮಾಡಬಹುದು, ಅದೂ ಉಚಿತ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಹಲವು ಪಾಠಗಳು ಕನ್ನಡದಲ್ಲೂ ತೆಲುಗಿನಲ್ಲೂ ಇವೆ. ಇಂಗ್ಲಿಷ್ ವಿವರಣೆಯಲ್ಲಿ ಸಿಕ್ಕಿಕೊಂಡವರಿಗೆ ಅವು ನಿಜವಾಗಿ ಸಹಾಯ ಮಾಡುತ್ತವೆ.

ಇನ್ನು ಗುಂಪಿನ ಮಾತು. ಸಾಮಾನ್ಯವಾಗಿ ಕೋಡ್ ಬರುವವನೊಬ್ಬ ಎಲ್ಲ ಮಾಡುತ್ತಾನೆ, ಮಿಕ್ಕ ಮೂವರು ಟೈಪಿಂಗ್, ಪ್ರಿಂಟಿಂಗ್, ಬೈಂಡಿಂಗ್ ಹಂಚಿಕೊಳ್ಳುತ್ತಾರೆ. ಇದರಿಂದ ಮೂವರಿಗೆ ಏನೂ ಬರುವುದಿಲ್ಲ, ನಾಲ್ಕನೆಯವನ ತಪ್ಪನ್ನು ಹಿಡಿಯುವವರೂ ಇರುವುದಿಲ್ಲ. ನಾನು ಹೇಳುವ ಹಂಚಿಕೆ ಬೇರೆ. ಒಬ್ಬರು ಹೊರಗಿನ ತಾಪ ಮತ್ತು ಕೋಣೆಯ ಗಾಳಿಯನ್ನು ಗಣಿತಕ್ಕೆ ಇಳಿಸಲಿ, ಒಬ್ಬರು ಮೇಲಿನ ಸಾಲನ್ನು ಬರೆಯಲಿ, ಒಬ್ಬರು ಗೋಡೆಯ ಅಳತೆ ತರಲಿ. ನಾಲ್ಕನೆಯವರ ಕೆಲಸ ಬರೀ ತಾಳೆ. ಉಳಿದವರ ಕೋಡನ್ನು ಮುರಿಯಲು ಪ್ರಯತ್ನಿಸುವುದೇ ಅವರ ಜವಾಬ್ದಾರಿ. ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಯಾದವರಿಗೆ ಮೊದಲು ಈ ಕೆಲಸ ಕೊಡಿ. ಮೂರು ವಾರಕ್ಕೊಮ್ಮೆ ಜಾಗ ಬದಲಿಸಿ.

ತಾಳೆ ಮಾಡುವವರ ಬಳಿ ಮೂರು ಪರೀಕ್ಷೆ ಸಿದ್ಧವಾಗಿರಲಿ. ಎಲ್ಲ ಕಡೆ 30 ಡಿಗ್ರಿ ಇಟ್ಟು ಓಡಿಸಿದರೆ ಕೊನೆಯವರೆಗೂ 30 ಇರಬೇಕು. ಹೊರಮೈ 40, ಒಳಮೈ 30 ಎಂದು ಕಟ್ಟಿ ಸಾಕಷ್ಟು ಹೊತ್ತು ಓಡಿಸಿದರೆ ನಡುಮಧ್ಯದಲ್ಲಿ 35 ಬರಬೇಕು. ಮೂರನೆಯದು ನಿಜವಾದ ಪರೀಕ್ಷೆ: ಗೋಡೆಯ ದಪ್ಪವನ್ನು ಒಂದೂವರೆ ಮೀಟರ್ ಮಾಡಿ ಹೊರಮೈಗೆ 24 ಗಂಟೆಯ ಅಲೆ ಕೊಡಿ. ಆರಂಭದ ಕೆಲವು ದಿನಗಳ ಲೆಕ್ಕ ಬಿಟ್ಟು ನೋಡಿದರೆ 16.6 ಸೆಂಟಿಮೀಟರ್ ಆಳದಲ್ಲಿ ಏರಿಳಿತ 37 ಪ್ರತಿಶತ, ತಡ 3.8 ಗಂಟೆ ಸಿಗಬೇಕು. ಸಿಗುವವರೆಗೆ ಮುಂದೆ ಹೋಗಬೇಡಿ.

ಮಾನಗಳ ಬಗ್ಗೆ ಮೊದಲ ದಿನವೇ ಒಂದು ಪುಟ ಬರೆದು ನಾಲ್ವರೂ ಸಹಿ ಹಾಕಿ: ಕಾಲ ಸೆಕೆಂಡಿನಲ್ಲಿ, ಉದ್ದ ಮೀಟರಿನಲ್ಲಿ, ಕೋನ ರೇಡಿಯನ್ನಿನಲ್ಲಿ. ಒಬ್ಬರು ಗಂಟೆಯಲ್ಲಿ, ಇನ್ನೊಬ್ಬರು ಸೆಕೆಂಡಿನಲ್ಲಿ ಬರೆದರೆ ಎರಡೂ ತುಂಡು ಬೇರೆಬೇರೆಯಾಗಿ ಸರಿ, ಕೂಡಿಸಿದಾಗ ತಪ್ಪು. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರಿನಲ್ಲಿ ಮಂಗಳವನ್ನು ಮುಟ್ಟುವ ಹೊತ್ತಿಗೆ ನಾಶವಾದದ್ದು ಹೀಗೆಯೇ. ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಸಂಖ್ಯೆ ಕೊಟ್ಟಿತು, ಇನ್ನೊಂದು ತಂಡ ಅದನ್ನು ನ್ಯೂಟನ್ ಎಂದು ಓದಿತು.

ಕೋಡನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿಕೊಳ್ಳುತ್ತಾ ಹೋದರೆ ಒಂದು ತಿಂಗಳಲ್ಲಿ ‘ಫೈನಲ್’, ‘ಹೊಸ ಫೈನಲ್’, ‘ಲಾಸ್ಟ್ ಫೈನಲ್’ ಎಂಬ ಫೈಲುಗಳಲ್ಲಿ ಯಾವುದು ಓಡುವುದು ಎಂದು ಯಾರಿಗೂ ತಿಳಿಯದ ಹಾಗಾಗುತ್ತದೆ. ಫೈಲುಗಳ ಬದಲಾವಣೆಯ ಲೆಕ್ಕ ಇಡುವ ಗಿಟ್ ಕಲಿಯಿರಿ. ಅದಕ್ಕೆ ಇಂಟರ್ನೆಟ್ ಬೇಕೇ ಬೇಕು ಎಂಬ ತಪ್ಪು ತಿಳಿವಳಿಕೆ ಇದೆ. ಒಂದು ಪೆನ್‌ಡ್ರೈವಿನಲ್ಲೇ ಗುಂಪಿನ ಮೂಲ ಪ್ರತಿ ಇಟ್ಟುಕೊಂಡು ನಾಲ್ವರೂ ಅದಕ್ಕೆ ಒಪ್ಪಿಸಬಹುದು, ಅದರಿಂದ ತೆಗೆದುಕೊಳ್ಳಬಹುದು. ಯಾರು ಯಾವ ಸಾಲು ಯಾವಾಗ ಬದಲಿಸಿದರು ಎಂಬುದೆಲ್ಲ ಅದರಲ್ಲಿ ಉಳಿಯುತ್ತದೆ. ಇನ್ನೊಂದು ಪೆನ್‌ಡ್ರೈವಿನಲ್ಲಿ ನಕಲು ಇರಲಿ.

ಈಗ ಚಾಟ್‌ಬಾಟ್‌ಗಳು ಕೇಳಿದ ಕೂಡಲೇ ಕೋಡ್ ಬರೆದು ಕೊಡುತ್ತವೆ. ಬಳಸಬೇಡಿ ಅನ್ನುವುದಿಲ್ಲ. ಒಂದೇ ನಿಯಮ ಇಟ್ಟುಕೊಳ್ಳಿ: ಯಾವ ಸಾಲನ್ನು ಯಾರು ತಂದರೋ ಅವರು ಅದನ್ನು ಉಳಿದ ಮೂವರಿಗೆ ಬೋರ್ಡಿನ ಮೇಲೆ ಬಿಡಿಸಿ ಹೇಳಬೇಕು. ಹೇಳಲಾಗದ ಸಾಲು ಪ್ರಾಜೆಕ್ಟಿನಲ್ಲಿ ಇರಕೂಡದು. ಈ ವಿವರಣೆ ಕನ್ನಡದಲ್ಲಿ ನಡೆಯಲಿ, ಗುಂಪಿನಲ್ಲಿ ತೆಲುಗಿನವರು, ಉರ್ದುವಿನವರು ಇದ್ದರೆ ಈ ಕಡೆ ಎಲ್ಲರೂ ಆಡುವ ಬೆರಕೆ ಮಾತಿನಲ್ಲೇ ನಡೆಯಲಿ. ವೈವಾದ ಇಂಗ್ಲಿಷ್ ಆಮೇಲೆ ಬರುತ್ತದೆ. ತಿಳಿಯದ್ದನ್ನು ಯಾವ ಭಾಷೆಯಲ್ಲೂ ಹೇಳಲಾಗದು. ಪೈಥಾನ್ 3ರಲ್ಲಿ ಚರಗಳಿಗೆ ಕನ್ನಡದಲ್ಲೇ ಹೆಸರಿಡಬಹುದು, ‘ತಾಪ’, ‘ಕಾಲ’, ‘ಆಳ’ ಎಂದು ಬರೆದರೆ ಓಡುತ್ತದೆ. ಟೈಪ್ ಮಾಡುವಾಗ ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆ ಸೇರಿಕೊಂಡರೆ ಮಾತ್ರ ಎರರ್ ಬರುತ್ತದೆ.

ಅಳತೆಗೆ ಹೆಚ್ಚು ಖರ್ಚಿಲ್ಲ. ಡಿಎಸ್18ಬಿ20 ಎಂಬ ಪುಟ್ಟ ಡಿಜಿಟಲ್ ಸಂವೇದಕ ಅರ್ಧ ಡಿಗ್ರಿಯ ನಿಖರತೆ ಕೊಡುತ್ತದೆ. ಮೂರು ಸಂವೇದಕ ಮತ್ತು ಅವನ್ನು ಓದುವ ಒಂದು ಆರ್ಡುಯಿನೊ ಬೋರ್ಡ್ ಸಾಕು. ಒಂದು ಹೊರಮೈಗೆ, ಒಂದು ಒಳಮೈಗೆ, ಒಂದು ಕೋಣೆಯ ಗಾಳಿಗೆ. ಹೊರಗಿನದಕ್ಕೆ ನೇರ ಬಿಸಿಲು ಬಿದ್ದರೆ ಅದು ಗೋಡೆಯ ತಾಪದ ಬದಲು ತನ್ನದೇ ತಾಪ ತೋರಿಸುತ್ತದೆ. ಮೇಲೆ ತೆಳ್ಳಗೆ ಮಣ್ಣು ಮೆತ್ತಿ. ಅಂಟಿಸುವ ಮೊದಲು ಮೂರನ್ನೂ ಒಂದೇ ಲೋಟ ನೀರಿನಲ್ಲಿಟ್ಟು ಒಂದೇ ಸಂಖ್ಯೆ ತೋರಿಸುತ್ತವೆಯೇ ನೋಡಿ. ವ್ಯತ್ಯಾಸವಿದ್ದರೆ ಬರೆದಿಟ್ಟುಕೊಂಡು ಕಳೆಯಿರಿ. ಒಳಮೈ ಏರಿಳಿತವೇ ಒಂದೆರಡು ಡಿಗ್ರಿ ಇರುವಾಗ ಅರ್ಧ ಡಿಗ್ರಿಯ ತಪ್ಪು ಸಣ್ಣದಲ್ಲ. ಕೊರೊನಾ ಕಾಲದ ಹಣೆ ನೋಡುವ ಥರ್ಮಾಮೀಟರನ್ನು ಇದಕ್ಕೆ ಬಳಸಬೇಡಿ, ಅದು ಮೈ ಬಿಸಿಯ ಮಿತಿಗಷ್ಟೇ ಮಾಡಿದ್ದು. ಮಾರ್ಚ್, ಏಪ್ರಿಲ್‌ನ ನಿಚ್ಚಳ ಆಕಾಶದ ದಿನಗಳನ್ನು ಆರಿಸಿ, ಕನಿಷ್ಠ ಮೂರು ಹಗಲು ಮೂರು ರಾತ್ರಿ ಬಿಡದೆ ದಾಖಲಿಸಿ. ಸಂವೇದಕ ಇಲ್ಲದಿದ್ದರೆ ಮಾಮೂಲಿ ಥರ್ಮಾಮೀಟರ್ ಹಿಡಿದು ಗಂಟೆಗೊಮ್ಮೆ ಬರೆಯಿರಿ. ನಾಲ್ವರಿದ್ದೀರಿ, ರಾತ್ರಿ ಪಾಳಿ ಹಂಚಿಕೊಳ್ಳಬಹುದು. ಮನೆಯವರ ಒಪ್ಪಿಗೆ ಮೊದಲು, ಮೊಳೆ ಹೊಡೆಯುವ ಮಾತು ಬೇಡ.

ನಂತರ ಹೊರಮೈಯ ನಿಜವಾದ ತಾಪವನ್ನು ಪ್ರೋಗ್ರಾಮಿಗೆ ಉಣಿಸಿ, ಒಳಮೈಯಲ್ಲಿ ಕೋಣೆಯ ಗಾಳಿಗೆ ಬಿಸಿ ಹೋಗುವುದನ್ನು ಸೇರಿಸಿ (ಪ್ರತಿ ಚದರ ಮೀಟರಿಗೆ ಪ್ರತಿ ಡಿಗ್ರಿ ಅಂತರಕ್ಕೆ ಸುಮಾರು 8 ವಾಟ್ ಎಂದು ಶುರು ಮಾಡಿ). ಪ್ರೋಗ್ರಾಂ ಹೇಳಿದ ಒಳಮೈ ತಾಪವನ್ನೂ ಅಳೆದದ್ದನ್ನೂ ಒಂದೇ ಗ್ರಾಫಿನಲ್ಲಿ ಬಿಡಿಸಿ. ಹೊಂದದಿರಬಹುದು, ಹೊಂದದಿದ್ದಾಗಲೇ ಪ್ರಾಜೆಕ್ಟ್ ಸ್ವಾರಸ್ಯವಾಗುವುದು. ಏರಿಳಿತ ಹೊಂದುವಂತೆ ವಿಸರಣಾಂಕ ಆರಿಸಿದರೆ ಒಂದು ಬೆಲೆ, ತಡ ಹೊಂದುವಂತೆ ಆರಿಸಿದರೆ ಇನ್ನೊಂದು ಬೆಲೆ ಬಂತೇ? ಹಾಗಾದರೆ ಗೋಡೆ ಒಂದೇ ಕಲ್ಲಿನದಲ್ಲ, ನಡುವೆ ಮಣ್ಣೋ ಗಾಳಿಯೋ ಇರಬಹುದು. ಪದರಗಳನ್ನು ಸೇರಿಸಿ ಮತ್ತೆ ಓಡಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತೆಂದು ಬರೆದಿಡಿ.

ಹೀಗೆ ಒಂದನ್ನೇ ಬದಲಿಸುತ್ತಾ ಹೋದ ಕನ್ನಡಿಗರೊಬ್ಬರ ಉದಾಹರಣೆ ನಮ್ಮ ಮುಂದಿದೆ. ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ, ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಮಗ, ಕಪ್ಪುಕುಳಿಗೆ ಅಲೆ ಬಡಿದರೆ ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿದರು. ಅಗಲವಾದ ಅಲೆಗುಚ್ಛ ಕಳಿಸಿದಾಗ ವಿಶೇಷವೇನೂ ಕಾಣಲಿಲ್ಲ. ಅಗಲವನ್ನು ಕಿರಿದು ಮಾಡುತ್ತಾ ಕಪ್ಪುಕುಳಿಯ ಗಾತ್ರದ ಹತ್ತಿರ ತಂದಾಗ, ಹೊರಬಂದ ಅಲೆ ಕಂಪಿಸುತ್ತಾ ಕ್ಷೀಣಿಸುವುದು ಕಂಡಿತು. 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. 2015ರಲ್ಲಿ ಲೈಗೊ ವೀಕ್ಷಣಾಲಯ ಹಿಡಿದ ಮೊದಲ ಗುರುತ್ವ ಅಲೆಯ ಕೊನೆಯ ಭಾಗದಲ್ಲಿ ಅಂಥದೇ ಕ್ಷೀಣಿಸುವ ಕಂಪನ ಇತ್ತು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ಮೊದಲ ನಿರ್ದೇಶಕರಾಗಿ ಕಟ್ಟಿದವರೂ ಇವರೇ.

ವರದಿ ಬರೆಯುವಾಗ ಯಾರು ಏನು ಮಾಡಿದರು ಎಂದು ಹೆಸರು ಹಿಡಿದು ಬರೆಯಿರಿ. ಕಂಪ್ಯೂಟರಿನಲ್ಲಿ ಭೌತಶಾಸ್ತ್ರದ ಪ್ರಯೋಗ ಮಾಡಿದ ಮೊದಮೊದಲ ಪ್ರಸಿದ್ಧ ಗುಂಪು ಅಮೆರಿಕದ ಪ್ರಯೋಗಾಲಯವಾದ ಲಾಸ್ ಅಲಮೋಸ್‌ನದು. ಸ್ಪ್ರಿಂಗುಗಳಿಂದ ಜೋಡಿಸಿದ ಮಣಿಗಳ ಸಾಲಿನಲ್ಲಿ ಶಕ್ತಿ ಹೇಗೆ ಹಂಚಿಹೋಗುತ್ತದೆ ಎಂಬ ಅವರ 1955ರ ವರದಿಗೆ ಲೇಖಕರೆಂದು ಬಿದ್ದ ಹೆಸರು ಫರ್ಮಿ, ಪಾಸ್ಟಾ, ಉಲಾಮ್. ಮೇನಿಯಾಕ್ ಯಂತ್ರಕ್ಕೆ ಕೋಡ್ ಬರೆದು ಓಡಿಸಿದ ಮೇರಿ ಸಿಂಗೊ ಅವರ ಹೆಸರು ಲೇಖಕರ ಸಾಲಿನಲ್ಲಿಲ್ಲ, ಅಡಿಟಿಪ್ಪಣಿಯಲ್ಲಿ ಒಂದು ಕೃತಜ್ಞತೆ ಇದೆ. ಆ ಸಮಸ್ಯೆಯ ಹೆಸರಿನಲ್ಲಿ ಅವರನ್ನೂ ಸೇರಿಸಬೇಕೆಂಬ ಮಾತು ಗಟ್ಟಿಯಾಗಿ ಕೇಳಿಬಂದದ್ದು ಅರ್ಧ ಶತಮಾನ ಕಳೆದ ಮೇಲೆ, 2008ರಲ್ಲಿ. ನಿಮ್ಮ ಗುಂಪಿನಲ್ಲಿ ರಾತ್ರಿ ಎದ್ದು ತಾಪ ಬರೆದುಕೊಂಡವರ ಹೆಸರೂ ಮೊದಲ ಪುಟದಲ್ಲೇ ಇರಲಿ.

ತೆಲಂಗಾಣದ ಕಾಲೇಜು ಶಿಕ್ಷಣ ಇಲಾಖೆ ಸರ್ಕಾರಿ ಡಿಗ್ರಿ ಕಾಲೇಜುಗಳ ವಿದ್ಯಾರ್ಥಿಗಳಿಗಾಗಿ ‘ಜಿಜ್ಞಾಸ’ ಎಂಬ ಅಧ್ಯಯನ ಪ್ರಾಜೆಕ್ಟುಗಳ ಸ್ಪರ್ಧೆ ನಡೆಸುತ್ತದೆ. ಊರಿನ ಗೋಡೆಯನ್ನು ಅಳೆದು, ಲೆಕ್ಕ ಮಾಡಿ, ತಾಳೆ ನೋಡಿದ ಕೆಲಸ ಅಲ್ಲಿಗೆ ಹೋಗಲು ಯೋಗ್ಯ. ನಿಮ್ಮ ಅಧ್ಯಾಪಕರನ್ನು ಸೆಮಿಸ್ಟರಿನ ಆರಂಭದಲ್ಲೇ ಕೇಳಿ. ಪ್ರಾಜೆಕ್ಟ್ ಮುಗಿದ ಮೇಲೆ ಕೋಡ್, ಅಳತೆಯ ಫೈಲು, ಗೋಡೆಯ ದಪ್ಪ, ಕಲ್ಲಿನ ಜಾತಿ ಎಲ್ಲವನ್ನೂ ಕಾಲೇಜಿನ ಭೌತಶಾಸ್ತ್ರ ವಿಭಾಗದಲ್ಲಿ ಬಿಟ್ಟುಹೋಗಿ. ತಾಂಡೂರಿನವರು ಸುಣ್ಣದ ಕಲ್ಲಿನದು, ಜಹೀರಾಬಾದಿನವರು ಜಂಬಿಟ್ಟಿಗೆಯದು, ನಾರಾಯಣಖೇಡದವರು ಕಪ್ಪುಕಲ್ಲಿನದು ಮಾಡಿ ಒಬ್ಬರಿಗೊಬ್ಬರು ಕಳಿಸಿಕೊಂಡರೆ ಮುಂದಿನ ವರ್ಷದ ಗುಂಪಿಗೆ ಮೂರೂ ಸಿಗುತ್ತವೆ. ಹಳೆಯ ಗೋಡೆಗಳು ವರ್ಷವರ್ಷ ಬಿದ್ದು ಸ್ಲ್ಯಾಬಿನ ಮನೆಗಳು ಏಳುತ್ತಿವೆ. ಅಳೆಯುವ ಕೆಲಸವನ್ನು ಈ ಬೇಸಿಗೆಯಲ್ಲೇ ಶುರು ಮಾಡಿ.